ಎರಡು ಚೀಲದ ಅಕ್ಕಿ

ಭದ್ರಾವತಿಗೆ ಮೊದಲ ರೈಲಿಗೇ ಬಂದದ್ದು ಅತಿಯಾಯಿತೇನೋ ಎಂದು ಕೃಪಾವತಿಗೆ ಅನ್ನಿಸಿದ್ದು ಅಬ್ಬಾಸ್ ಅಲಿಯ ಮರದ ಡಿಪೋದೊಳಗೆ ಒಬ್ಬಳೇ ನಿಂತ ಮೇಲೆ. ಕೊಯ್ದ ತೇಗದ ವಾಸನೆ ಮೂಗಿಗೆ ಹತ್ತಿ ಸೀನು ಬಂತು. ಸೀನಿದ ಸದ್ದು ತಗಡಿನ ಸೂರಿಗೆ ಬಡಿದು ವಾಪಸು ಬಂದಾಗ ಯಾರೋ ಅಣಕಿಸಿದ ಹಾಗಾಗಿ ಸುತ್ತ ನೋಡಿದಳು. ಯಾರೂ ಇರಲಿಲ್ಲ. ಹಲಗೆಗಳನ್ನೆಲ್ಲ ಒಂದು ಗೋಡೆಗೆ ಒತ್ತಿ, ನೆಲ ಗುಡಿಸಿ, ಉದ್ದಕ್ಕೆ ಚಾಪೆ ಹಾಸಿ ಹೋಗಿದ್ದರು. ಖಾಲಿ ಚಾಪೆಗಳನ್ನು ಒಂದೊಂದಾಗಿ ಎಣಿಸಿದಳು. ಯಾರೂ ಬರದಿದ್ದರೆ? ಎಲ್ಲರೂ ಬಂದುಬಿಟ್ಟರೆ? ಶಿವಮೊಗ್ಗದ ಮಿಷನ್ ಹೆಣ್ಣುಮಕ್ಕಳ ಶಾಲೆಯಲ್ಲಿ ಇಷ್ಟು ವರ್ಷ ಮಗ್ಗಿ ಹೇಳಿಕೊಟ್ಟವಳು, ನಲವತ್ತು ದಾಟಿದವಳು, ಬೀದಿಗೆಲ್ಲ ಟೀಚರಮ್ಮ ಆದವಳು, ಒಂದು ಊಟಕ್ಕೆ ಹೀಗೆ ಹೆದರುವುದೇ ಎಂದು ತನ್ನನ್ನು ತಾನೇ ಗದರಿಕೊಂಡಳು. ಆದರೆ ಅವಳ ಗದರಿಕೆ ಮಕ್ಕಳ ಮೇಲೆ ನಡೆಯುವಷ್ಟು ಅವಳ ಮೇಲೆಯೇ ನಡೆಯುತ್ತಿರಲಿಲ್ಲ.

ಊಟದ ಯೋಚನೆ ಅವಳದೇ. ಒಬ್ಬರೇ ಒಲೆ ಹಚ್ಚಿಕೊಂಡು ಒಬ್ಬರೇ ಉಣ್ಣುವವರು ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಎಷ್ಟೊಂದು ಜನ ಇದ್ದಾರೆ ಎಂಬುದು ಗೊತ್ತಾದದ್ದು, ರಜೆಯ ಮಧ್ಯಾಹ್ನಗಳಲ್ಲಿ ಸುವಾರ್ತೆಯ ಪುಸ್ತಕ ಹಿಡಿದು ಮನೆಮನೆ ತಿರುಗುವಾಗ. ಕಬ್ಬಿಣದ ಕಾರ್ಖಾನೆಗೆಂದು ಬಂದು ಅಲ್ಲೇ ಮುದುಕರಾದವರು, ಗಂಡ ಸತ್ತವರು, ಮದುವೆಯ ಮಾತೇ ಬರದೆ ವಯಸ್ಸಾದವರು. ಪುಸ್ತಕ ಕೊಟ್ಟರೆ ಇಸಕೊಳ್ಳುತ್ತಿದ್ದರು, ಓದುತ್ತಿರಲಿಲ್ಲ. ಅವಳು ಏಳುವುದಕ್ಕೆ ಹೊರಟರೆ ಮಾತ್ರ ಇಲ್ಲದ ಮಾತೊಂದನ್ನು ತೆಗೆದು ಕೂರಿಸಿಬಿಡುತ್ತಿದ್ದರು. ಇವರಿಗೆ ಬೇಕಾದದ್ದು ಪುಸ್ತಕವಲ್ಲ, ಪಂಕ್ತಿ ಎಂದು ಅವಳು ತಮ್ಮ ಪ್ರೊಟೆಸ್ಟಂಟ್ ಸಭೆಯ ಪಾದ್ರಿ ಸತ್ಯದಾಸ ಅಯ್ಯನವರಿಗೆ ಹೇಳಿದಳು. ಅಯ್ಯನವರು ಗಡ್ಡ ಕೆರೆದುಕೊಂಡು, ಭದ್ರಾವತಿಯಲ್ಲಿ ನಮ್ಮವರಿಗಿಂತ ಕ್ಯಾಥೊಲಿಕ್ಕರೇ ಹೆಚ್ಚು, ಫಾದರ್ ಸಲ್ದಾನ ಅವರನ್ನು ಕೇಳದೆ ಆಗುವುದಿಲ್ಲ ಎಂದರು. ಅಲ್ಲಿಂದ ಶುರುವಾಯಿತು. ಶುಕ್ರವಾರ ಬೇಡ, ಅವತ್ತು ಕ್ಯಾಥೊಲಿಕ್ಕರು ಮಾಂಸ ಮುಟ್ಟುವುದಿಲ್ಲ. ಭಾನುವಾರ ಬೇಡ, ಅವತ್ತು ಒಲೆಯ ಮುಂದೆ ದುಡಿಯುವುದು ಇವರಿಗೆ ಸಲ್ಲದು. ಕೊನೆಗೆ ಎರಡೂ ಕಡೆಗೆ ಸೇರದ ಮಹಾರಾಜರ ವರ್ಧಂತಿ ಸಿಕ್ಕಿತು, ಕಾರ್ಖಾನೆಗೂ ರಜೆ. ಅವರ ಚರ್ಚಿನಲ್ಲಿ ಇವರು ಕೂರುವುದಿಲ್ಲ, ಇವರದರಲ್ಲಿ ಅವರು ಕೂರುವುದಿಲ್ಲ ಎಂದಾಗ, ಇಬ್ಬರಿಗೂ ಬೆಂಚಿನ ಮರ ಕೊಡುತ್ತಿದ್ದ ಅಬ್ಬಾಸ್ ಅಲಿ, "ಅರೆ, ನನ್ ಡಿಪೋದಾಗೆ ಕೂತು ಉಣ್ರಿ ಸ್ವಾಮಿ, ಮರಕ್ಕೆ ಯಾವ ಜಾತಿ?" ಎಂದುಬಿಟ್ಟ.

ಆಮೇಲೆ ಉಳಿದದ್ದು ಊಟಕ್ಕೆ ಮುಂಚಿನ ಪ್ರಾರ್ಥನೆಯ ರಗಳೆ. ಒಟ್ಟಿಗೆ ಉಣ್ಣಬಹುದು, ಒಟ್ಟಿಗೆ ಪ್ರಾರ್ಥಿಸಲು ನಮಗೆ ಅಪ್ಪಣೆಯಿಲ್ಲ ಎಂದು ಫಾದರ್ ಸಲ್ದಾನ. ಪ್ರಾರ್ಥನೆಯಿಲ್ಲದೆ ತುತ್ತು ಎತ್ತಿದರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅಯ್ಯನವರು. ಇಬ್ಬರೂ ಒಳ್ಳೆಯವರು, ಇಬ್ಬರೂ ನಗುನಗುತ್ತಲೇ ಹಟ ಹಿಡಿಯುವವರು. ಮಳೆಗಾಲ ಕಳೆದು ಚಳಿಗಾಲ ಬಂದರೂ ಮಾತು ಮುಗಿಯಲಿಲ್ಲ. ಮಧ್ಯೆ ನಿಂತ ಕೃಪಾವತಿ ಚೆಂಡಿನ ಹಾಗೆ ಅತ್ತಿಂದಿತ್ತ ರೈಲಿನಲ್ಲಿ ಓಡಾಡಿ, ಕೊನೆಗೆ ಅಬ್ಬಾಸ್ ಅಲಿ ಸೂರಿಗೆ ತೂಗುಹಾಕಿದ ರೈಲುಕಂಬಿಯ ತುಂಡನ್ನು ಒಮ್ಮೆ ಬಡಿಯುವುದು, ಎಲ್ಲರೂ ಮನಸ್ಸಿನಲ್ಲೇ ತಮ್ಮತಮ್ಮ ಪ್ರಾರ್ಥನೆ ಹೇಳಿಕೊಳ್ಳುವುದು, ಇನ್ನೊಮ್ಮೆ ಬಡಿದಾಗ ಕೈ ಇಕ್ಕುವುದು ಎಂದು ಒಪ್ಪಿಸಿದಳು. ಆ ರಾತ್ರಿ ಅವಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ ಅದಕ್ಕೆ ಕ್ಷಮೆ ಕೇಳಿ ಬೇರೆ ಪ್ರಾರ್ಥನೆ ಮಾಡಬೇಕಾಯಿತು.

ಈಗ ಮೂಲೆಯಲ್ಲಿ ಎರಡು ಚೀಲ ಅಕ್ಕಿ ಒಂದಕ್ಕೊಂದು ಮೈ ತಾಗದಂತೆ ನಿಂತಿದ್ದವು. ಒಂದು ಅವಳೇ ಶಿವಮೊಗ್ಗದಿಂದ ಹೊರಿಸಿ ತಂದದ್ದು, ಇನ್ನೊಂದು ಇಲ್ಲಿನ ಕ್ಯಾಥೊಲಿಕ್ ಮನೆಗಳದ್ದು. ಯುದ್ಧ ಶುರುವಾದ ಮೇಲೆ ಅಕ್ಕಿ ಅಂಗಡಿಯಲ್ಲಿ ಸಿಗುವುದೇ ದುಸ್ತರವಾಗಿ, ಅವಳ ಸಭೆಯ ಹೆಂಗಸರು ಮೊದಲಿಂದ ರೂಢಿಯಲ್ಲಿದ್ದ ಹಿಡಿಯಕ್ಕಿಯನ್ನೇ ಈ ಊಟಕ್ಕೆ ಎತ್ತಿಟ್ಟಿದ್ದರು: ಪ್ರತಿಸಲ ಅನ್ನಕ್ಕಿಡುವಾಗ ಒಂದು ಹಿಡಿ ತೆಗೆದು ದೇವರ ಡಬ್ಬಿಗೆ. ಅದನ್ನು ಕೇಳಿ ಭದ್ರಾವತಿಯವರೂ ಹಾಗೇ ಮಾಡಿದರು. ಒಂದೊಂದು ಹಿಡಿಯ ಹಿಂದೆಯೂ ಒಂದೊಂದು ಮನೆಯ ಹೊಟ್ಟೆ ಸ್ವಲ್ಪ ಕಮ್ಮಿಯಾಗಿದೆ ಎಂಬುದು ಅವಳ ತಲೆಯಿಂದ ಹೋಗುತ್ತಿರಲಿಲ್ಲ. ಈ ಅಕ್ಕಿ ಹೋದರೆ ಬೇರೆ ಅಕ್ಕಿ ಇಲ್ಲ.

ಅದಕ್ಕಿಂತ ಹೆಚ್ಚಾಗಿ ತಲೆ ತಿನ್ನುತ್ತಿದ್ದವಳು ಮಾಸ್ತಮ್ಮ. ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆಯಲ್ಲಿ ಇರುವ ಸೂಲಗಿತ್ತಿ. ಅರ್ಧ ಶಿವಮೊಗ್ಗವನ್ನು ಭೂಮಿಗೆ ಇಳಿಸಿದವಳು; ಈಗ ಕೈ ನಡುಗುತ್ತದೆಂದು ಯಾರೂ ಕರೆಯುವುದಿಲ್ಲ, ತನ್ನವರೆಂಬುವರನ್ನೆಲ್ಲ ತಾನೇ ಮಣ್ಣಿಗೆ ಕಳಿಸಿಕೊಟ್ಟು ಉಳಿದಿದ್ದಾಳೆ. ಊಟಕ್ಕೆ ಕರೆದರೆ ಮೂರು ಸಲ ಒಲ್ಲೆ ಎಂದಳು. ನಾಲ್ಕನೆಯ ಸಲ ಬಾಗಿಲಲ್ಲೇ ನಿಲ್ಲಿಸಿ, "ಅನ್ನ ಹಾಕ್ತೀರೋ ಗಂಜಿ ಹಾಕ್ತೀರೋ ಮೊದಲು ಹೇಳ್ರಿ ಟೀಚರಮ್ಮ. ಪ್ಲೇಗ್ ವರ್ಸ ಕ್ಯಾಂಪಿನಾಗೆ ಬೋಗುಣಿ ಹಿಡ್ಕಂಡು ಸಾಲಲ್ಲಿ ನಿಂತು ಗಂಜಿ ಕುಡ್ದೋಳು ನಾನು. ಇನ್ನು ಸಾಯೋತನಕ ಯಾರ ಕೈಯಿಂದ್ಲೂ ಗಂಜಿ ಕುಡಿಯಲ್ಲ. ಅನ್ನ ಆದ್ರೆ ಬರ್ತೀನಿ. ಗಂಜಿ ಕಂಡ್ರೆ ಎದ್ದು ಬರ್ತೀನಿ, ಆಮೇಲೆ ನನ್ ಬಾಗಿಲಿಗೆ ನೀವು ಬರಬೇಡಿ" ಎಂದಳು. ಅನ್ನ, ಮಾಂಸದ ಸಾರು ಎಂದು ಕೃಪಾವತಿ ಮಾತು ಕೊಟ್ಟಳು. ಮಾಸ್ತಮ್ಮ ಎದ್ದರೆ ಅವಳ ಹಿಂದೆ ಉಳಿದವರೂ ಏಳುತ್ತಾರೆ. ಭಿಕ್ಷೆ ಅನ್ನಿಸಿದ ಊಟಕ್ಕೆ ಮಾನವಂತರು ಎರಡನೆಯ ಸಲ ಬರುವುದಿಲ್ಲ. ಮೊದಲ ಊಟವೇ ಕೊನೆಯ ಊಟವಾಗುತ್ತದೆ.

ಈ ಯೋಚನೆಯಲ್ಲೇ ಚೀಲದ ಬಾಯಿ ಬಿಚ್ಚಿದಳು. ಶಿವಮೊಗ್ಗದ್ದು ಸಣ್ಣಗೆ ಬೆಳ್ಳಗೆ ಇತ್ತು. ಭದ್ರಾವತಿಯದರಲ್ಲಿ ಬತ್ತ ಬೇಯಿಸಿ ಕುಟ್ಟಿದ, ಹಳದಿ ತಿರುಗಿದ ದಪ್ಪ ಕುಸುಬಲಕ್ಕಿ, ನಡುನಡುವೆ ಕೆಂಪು ಕಾಳು. ಒಂದು ಹಿಡಿ ಇದರಿಂದ, ಒಂದು ಹಿಡಿ ಅದರಿಂದ ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಅಷ್ಟು ತಿಂಗಳು ಮಾತಾಡಿ ಮಾತಾಡಿ ಎರಡು ಸಭೆಗಳು ಒಂದು ಚಾಪೆಗೆ ಬಂದಿವೆ, ಇಷ್ಟಾಗಿ ಅಕ್ಕಿ ಬೇರೆ ಬೇರೆ ಬೇಯಬೇಕೆ ಎಂದು ಅನ್ನಿಸಿದ್ದೇ ತಡ, ಮೈಯೆಲ್ಲ ಜುಮ್ಮೆಂದಿತು. ದೊಡ್ಡ ಜಮಖಾನ ಹಾಸಿ ಎರಡೂ ಚೀಲ ಸುರಿದಳು. ಮಂಡಿಯೂರಿ ಮೊಣಕೈತನಕ ಕೈ ಹುದುಗಿಸಿ ಕಲೆಸಿದಳು. ಬಿಳಿಯಲ್ಲಿ ಹಳದಿ, ಹಳದಿಯಲ್ಲಿ ಕೆಂಪು ಬೆರೆಯುವುದನ್ನು ನೋಡುತ್ತ ಕಣ್ಣು ತುಂಬಿ ಬಂತು. ಯಾರೂ ನೋಡುತ್ತಿಲ್ಲವೆಂದು ಒಂದು ಕೀರ್ತನೆಯನ್ನು ಸಣ್ಣದಾಗಿ ಹಾಡಿದಳು ಕೂಡ. ಬೇರೆ ಯಾವ ಹೆಂಗಸೂ ಈ ಕೆಲಸ ಮಾಡುತ್ತಿರಲಿಲ್ಲ. ಆದರೆ ಕೃಪಾವತಿ ಅಮ್ಮನ ಅಡುಗೆಮನೆಯಲ್ಲಿ ಬೆಳೆದವಳಲ್ಲ. ಕಣ್ಣು ಬಿಟ್ಟಾಗಿನಿಂದ ಮಿಷನ್ ಬೋರ್ಡಿಂಗಿನ ಗಂಟೆ ಹೊಡೆದಾಗ ತಟ್ಟೆ ಹಿಡಿದು ಕೂತವಳು, ಆಮೇಲೆ ಒಬ್ಬಳಿಗೆಂದು ಒಂದೇ ಅಂಗಡಿಯ ಒಂದೇ ಅಕ್ಕಿಯನ್ನು ಅಂಗೈಯಗಲದ ಪಾತ್ರೆಯಲ್ಲಿ ಬೇಯಿಸಿಕೊಂಡವಳು. ಅಕ್ಕಿ ಎಂದರೆ ಅಕ್ಕಿ, ಅಷ್ಟೇ ಅವಳಿಗೆ ಗೊತ್ತಿದ್ದುದು.

ಕಾರ್ಖಾನೆಯ ಕೆಲಸಗಾರರ ಮನೆಗಳ ಲೈನಿನಿಂದ ಸವರಿಯಮ್ಮ ಕೈಕೆಳಗಿನ ಹೆಂಗಸರೊಂದಿಗೆ ಬಂದಾಗ ಅಕ್ಕಿ ತೊಳೆದು ನೆನೆಹಾಕಿಯಾಗಿತ್ತು. ಮದುವೆ ಮನೆಗಳಿಗೆ ಅಡುಗೆಗೆ ಹೋಗುವ ಗಟ್ಟಿ ಹೆಂಗಸು, ಕತ್ತಿನಲ್ಲಿ ಮಾತೆಯ ಪದಕ, ಮಾತಿನಲ್ಲಿ ಅರ್ಧ ತಮಿಳು. ಅವಳು ಬಂದವಳೇ ಮಾಂಸದ ಕಡೆ ತಿರುಗಿ ಮಸಾಲೆ ಅರೆಯುವವರನ್ನು ಬೈಯುವುದರಲ್ಲಿ ಮುಳುಗಿದಳು. ಕೊಪ್ಪರಿಗೆಯಲ್ಲಿ ನೀರು ಮರಳಿದಾಗ ತಲೆ ಎತ್ತದೆ, "ಅಕ್ಕಿ ಹಾಕಿಡಿ ಟೀಚರಮ್ಮ, ಮೊದಲು ನಮ್ದು, ಅದು ಅರ್ಧ ಬೆಂದ ಮೇಲೆ ನಿಮ್ದು" ಎಂದಳು. ಮೊದಲು ನಮ್ಮದು ಆಮೇಲೆ ನಿಮ್ಮದು ಎನ್ನುವುದನ್ನು ಕೇಳಿ ಕೃಪಾವತಿಗೆ ನಗು ಬಂತು. ಇವರದೂ ಅದೇ ಗೋಳು, ಎಲ್ಲದರಲ್ಲೂ ಮೊದಲು ತಾವೇ ಎಂದುಕೊಂಡು, ಕಲೆಸಿದ ಅಕ್ಕಿಯನ್ನೆಲ್ಲ ಒಟ್ಟಿಗೆ ಸುರಿದಳು. ಸುರಿದು ಕೈ ಒರೆಸಿಕೊಂಡಳು.

ಎರಡನೆಯ ರೈಲು ಬಂತು. ಯಾರೂ ಬರದಿದ್ದರೆ ಎಂಬ ಹೆದರಿಕೆ ಬಾಗಿಲಲ್ಲೇ ಕರಗಿತು. ಅಯ್ಯನವರು ಮುಂದೆ, ಹಿಂದೆ ಶಿವಮೊಗ್ಗದವರ ಗುಂಪು. ಲೈನಿನ ಕಡೆಯಿಂದ ಫಾದರ್ ಸಲ್ದಾನರ ಹಿಂದೆ ಭದ್ರಾವತಿಯವರು. ಕೋಲೂರಿದವರು, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು ಅದರ ಮಡಿಕೆ ಹಾಳಾಗದಂತೆ ನೆಟ್ಟಗೆ ನಡೆಯುವವರು, ಬಂದದ್ದೇ ತಪ್ಪು ಎಂಬಂತೆ ಮುಖ ಗಂಟಿಕ್ಕಿದವರು. ಎಲ್ಲರೂ ಚಾಪೆಯ ಮೇಲೆ ಒಬ್ಬರಿಂದೊಬ್ಬರು ದೂರ ದೂರ ಕೂತರು. ಲೈನಿನ ಹೂವಪ್ಪ, ಕುಲುಮೆಯ ಕೆಲಸದಿಂದ ನಿವೃತ್ತನಾದ ಎತ್ತರದ ಮುದುಕ, ಗೋಡೆಗೆ ಮುಖ ಮಾಡಿ ಕೂತ. ಉಣ್ಣುವಾಗ ಯಾರಾದರೂ ನೋಡಿದರೆ ತನಗಾಗುವುದಿಲ್ಲವಂತೆ. ಮಾಸ್ತಮ್ಮ ಇಸ್ತ್ರಿಯ ಸೀರೆ ಉಟ್ಟು, ಮನೆಯಿಂದಲೇ ತಂದ ಬಾಳೆಲೆಯನ್ನು ಸುರುಳಿ ಮಾಡಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ತಟ್ಟೆ ಹಿಡಿದು ನಿಲ್ಲಿಸಿದರೆ ಎಂಬ ಅನುಮಾನ ಅವಳಿಗೆ ಇನ್ನೂ ಹೋಗಿರಲಿಲ್ಲ. ಕೃಪಾವತಿಯನ್ನು ಕಂಡು ನಗದೆ ತಲೆ ಆಡಿಸಿದಳು.

ಆಗಲೇ ಒಲೆಯ ಕಡೆಯಿಂದ "ಅಯ್ಯೋ ಮಾತಾವೇ!" ಎಂದು ಸವರಿಯಮ್ಮ ಕೂಗಿದ್ದು. ಕೃಪಾವತಿ ಓಡಿದಳು. ಸವರಿಯಮ್ಮ ಸೌಟಿನಲ್ಲಿ ಅನ್ನ ಎತ್ತಿ ಹಿಡಿದಿದ್ದಳು. ಬಿಳಿ ಅಕ್ಕಿ ಕರಗಿ ಅಂಟಾಗಿ ಹೋಗಿತ್ತು. ಆ ಅಂಟಿನಲ್ಲಿ ದಪ್ಪ ಕಾಳುಗಳು ಕಲ್ಲಿನ ಹಾಗೆ ಕೂತಿದ್ದವು. ತಳದಲ್ಲಿ ಸೀದ ವಾಸನೆ. ಕೃಪಾವತಿಗೆ ಏನು ನಡೆದಿದೆಯೆಂಬುದು ಒಂದೇ ಕ್ಷಣದಲ್ಲಿ ಹೊಳೆಯಿತು, ಮೊದಲು ನಮ್ದು ಆಮೇಲೆ ನಿಮ್ದು ಎಂದದ್ದರ ಅರ್ಥವೂ ಹೊಳೆಯಿತು, ಕಿವಿಯಿಂದ ಬಿಸಿ ಹೊರಟಿತು. ಮೂರು ದಿಕ್ಕಿನಿಂದ ಹೆಂಗಸರು ಕವಿದರು. "ಇವರ ದಪ್ಪಕ್ಕಿ ಬೇಡ ಅಂತ ನಾನು ಮೊದಲೇ ಹೇಳಿದ್ದೆ" ಎಂದು ಶಿವಮೊಗ್ಗದ ಒಬ್ಬಾಕೆ. "ದಪ್ಪಕ್ಕಿ ಏನ್ ಮಾಡ್ತು? ನಿಮ್ ಸಣ್ಣಕ್ಕಿ ನೀರು ಕಂಡ್ರೆ ಕರಗೋಗುತ್ತೆ" ಎಂದು ಭದ್ರಾವತಿಯ ಒಬ್ಬಾಕೆ. "ಮದುವೆ ಅಡುಗೆ ಮಾಡೋರಂತೆ, ಅಕ್ಕಿ ನೋಡಿ ಹಾಕಬಾರದಾ?" ಎಂದು ಮತ್ತೊಬ್ಬಾಕೆ. ಸವರಿಯಮ್ಮ ಸೌಟು ಹಿಡಿದು ನಿಂತೇ ಇದ್ದಳು. ಇಷ್ಟು ವರ್ಷ ಯಾರಿಂದಲೂ ಒಂದು ಮಾತು ಕೇಳದವಳ ಮುಖ ಸಣ್ಣದಾಯಿತು. ಅಕ್ಕಿ ಹಾಕಿದವಳು ತಾನಲ್ಲ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ, ಕೃಪಾವತಿಯನ್ನು ಒಮ್ಮೆ ನೋಡಿ ಕಣ್ಣು ತೆಗೆದಳು.

ಕೃಪಾವತಿಯೇ ಹೇಳಬೇಕಿತ್ತು. ಹೇಳುವುದಕ್ಕೆ ಬಾಯಿ ತೆರೆದಳು ಕೂಡ. ಆದರೆ ನಾಲಿಗೆಗೆ ಬಂದದ್ದು ಏಳು ವರ್ಷದವಳಿದ್ದಾಗ ಬೋರ್ಡಿಂಗಿನಲ್ಲಿ ಹಾಲಿನ ಪಾತ್ರೆ ಉರುಳಿಸಿ ಇನ್ನೊಬ್ಬಳ ಕಡೆ ಬೆರಳು ತೋರಿಸಿದ ನೆನಪಿನ ಒಣ ರುಚಿ. ಸಭೆಯ ಹೆಂಗಸರು ತನ್ನ ಬೆನ್ನ ಹಿಂದೆ ಏನಾಡುತ್ತಾರೆಂಬುದು ಅವಳಿಗೆ ಗೊತ್ತಿತ್ತು: ಟೀಚರಮ್ಮನಿಗೆ ಇಂಗ್ಲಿಷ್ ಬರುತ್ತದೆ, ಹಾರ್ಮೋನಿಯಂ ಬರುತ್ತದೆ, ಸಂಸಾರ ಒಂದು ಬರುವುದಿಲ್ಲ. ಈಗ ಎಲ್ಲರೆದುರು ಅದಕ್ಕೆ ಅವಳೇ ಸಹಿ ಹಾಕಿಕೊಡಬೇಕು. ನೀರು ಕಮ್ಮಿಯಾಗಿರಬೇಕು ಎಂದು ಗೊಣಗಿದಳು. ಯಾರಿಗೂ ಕೇಳಿಸಲಿಲ್ಲ, ಅವಳಿಗೆ ಮಾತ್ರ ಚೆನ್ನಾಗಿ ಕೇಳಿಸಿತು, ತನ್ನ ಬಗ್ಗೆ ಹೇಸಿಗೆಯಾಯಿತು. ಅಷ್ಟರಲ್ಲಿ ಅಯ್ಯನವರು ಮತ್ತು ಫಾದರ್ ಸಲ್ದಾನ ಒಲೆಯ ಹತ್ತಿರ ಬಂದು ಕೊಪ್ಪರಿಗೆಗೆ ಇಣುಕಿದರು. ಅಷ್ಟು ತಿಂಗಳಲ್ಲಿ ಯಾವ ಮಾತಿಗೂ ಕೂಡಿಬರದ ಇಬ್ಬರೂ ಈಗ ಒಂದೇ ಉಸಿರಿಗೆ, "ಇನ್ನಷ್ಟು ನೀರು ಹಾಕಿ ಗಂಜಿ ಮಾಡಿಬಿಡಿ" ಎಂದರು.

ಗಂಜಿ ಎಂಬ ಮಾತು ಚಾಪೆಯತನಕ ಹೋಯಿತು. ಮಾಸ್ತಮ್ಮ ಮುಂದೆ ಹಾಸಿಕೊಂಡಿದ್ದ ಬಾಳೆಲೆಯನ್ನು ಮತ್ತೆ ಸುರುಳಿ ಸುತ್ತತೊಡಗಿದಳು. ಮೆಲ್ಲಗೆ, ಎಲೆ ಹರಿಯದಂತೆ ಸುತ್ತುತ್ತಿದ್ದಳು, ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕೃಪಾವತಿ ಸಹಿಸಿಕೊಳ್ಳುತ್ತಿದ್ದಳೇನೋ. ನೀವೂ ಎಲ್ಲರ ಹಾಗೇ ಎಂಬಂತೆ ತಲೆ ಸಣ್ಣಗೆ ಆಡುತ್ತಿತ್ತು, ಅದನ್ನು ನೋಡಲಾಗಲಿಲ್ಲ. ಗೋಡೆಗೆ ಮುಖ ಮಾಡಿದ ಹೂವಪ್ಪನೂ ಕೋಲಿಗೆ ಕೈ ಹಾಕಿದ.

"ಗಂಜಿ ಬೇಡ!" ಎಂದು ಕೃಪಾವತಿ ಕೂಗಿದಳು. ಮಕ್ಕಳನ್ನು ಆಟದ ಬಯಲಿನಿಂದ ಕರೆಯುವ ದನಿ ಅದು, ಸೂರಿನ ತಗಡು ಝಣಝಣ ಎಂದಿತು. ಎಲ್ಲರೂ ತಿರುಗಿ ನೋಡಿದರು. "ಸವರಿಯಮ್ಮಂದು ಏನೂ ತಪ್ಪಿಲ್ಲ. ಎರಡು ಚೀಲಾನೂ ನಾನೇ ಕಲೆಸಿದ್ದು. ಬೇಕು ಅಂತ್ಲೇ ಕಲೆಸಿದ್ದು. ಚೆನ್ನಾಗಿ ಕಾಣ್ತು ಅಂತ..." ಎಂದು ತಡವರಿಸಿ, ಉಸಿರು ಎಳೆದುಕೊಂಡು ಉಳಿದದ್ದನ್ನೂ ಹೇಳಿಬಿಟ್ಟಳು. "ನನಗೆ ಅಡುಗೆ ಬರಲ್ಲ. ಯಾರೂ ಕಲಿಸ್ಲಿಲ್ಲ. ಇದನ್ನ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಿದ್ರೆ ಹೇಳ್ರಿ."

ಸುರುಳಿ ಸುತ್ತುವುದನ್ನು ನಿಲ್ಲಿಸಿದ ಮಾಸ್ತಮ್ಮ, "ಕುಸುಬಲಕ್ಕೀನೂ ಹಸಿ ಅಕ್ಕೀನೂ ಒಟ್ಟಿಗೆ ಹಾಕಿದ್ಯಾ?" ಎಂದಳು. ಅವಳ ದನಿಯಲ್ಲಿ ಇದ್ದ ಬೆರಗು ನೋಡಬೇಕಿತ್ತು, ಯಾರೋ ಮಗುವಿಗೆ ಮೂರು ಕಾಲಿದೆ ಎಂದ ಹಾಗೆ. "ಒಟ್ಟಿಗೇ?" ಕೃಪಾವತಿ ಹೂಂ ಎಂದು ತಲೆ ಆಡಿಸಿದಳು. "ಅಯ್ಯೋ ನಿನ್ ಬುದ್ಧಿಗಿಷ್ಟು!" ಎಂದು ಮಾಸ್ತಮ್ಮ ಹಣೆಗೆ ಹೊಡೆದುಕೊಂಡು ಎದ್ದಳು. ಎದ್ದವಳು ಬಾಗಿಲಿಗೆ ಹೋಗಲಿಲ್ಲ, ನೆಟ್ಟಗೆ ಒಲೆಗೆ ಬಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಮುದುಕಿಯರೆಲ್ಲ ಎದ್ದರು, ಆಮೇಲೆ ಮುದುಕರು. ಚಾಪೆ ಖಾಲಿಯಾಗಿ ಒಲೆಯ ಸುತ್ತ ಜಾತ್ರೆ ನೆರೆಯಿತು. ಇವರಲ್ಲಿ ಪ್ರತಿಯೊಬ್ಬರೂ ವರ್ಷಗಟ್ಟಲೆ ತಮ್ಮ ಒಂದು ಹೊಟ್ಟೆಗೆ ತಾವೇ ಬೇಯಿಸಿಕೊಂಡವರು, ಸೀದದ್ದನ್ನೂ ಬೇಯದ್ದನ್ನೂ ಬಿಸಾಡುವ ಚೈತನ್ಯವಿಲ್ಲದೆ ಹೇಗೋ ತಿಂದವರು, ಮತ್ತು ಆ ವಿದ್ಯೆಯನ್ನು ಹೇಳಿಕೊಳ್ಳಲು ಒಬ್ಬರೂ ಸಿಕ್ಕದೆ ಇದ್ದವರು. ಒಬ್ಬ ತೆಂಗಿನಕಾಯಿ ತುರಿದು ಹಾಕಬೇಕೆಂದ. ಒಬ್ಬಳು ಬಟ್ಟೆಗೆ ಸುರಿದು ಹಿಂಡಬೇಕೆಂದಳು. "ಹಿಂಡೋಕೆ ಅದೇನು ಸೀರೆನಾ ಮಾರಾಯ್ತಿ?" ಎಂದ ಇನ್ನೊಬ್ಬ. ಮೇಲೆ ಕೆಂಡ ಹಾಕಿ ದಮ್ಮು ಕಟ್ಟಿದರೆ ಕಲ್ಲೂ ಬೇಯುತ್ತದೆ ಎಂದು ಅಬ್ಬಾಸ್ ಅಲಿ ಆಣೆ ಮಾಡಿದ. ಕ್ಯಾಥೊಲಿಕ್ ಯಾರು, ಮಿಷನ್ನಿನವರು ಯಾರು, ಹೊರಗಿನವರು ಯಾರು ಎಂಬುದು ಆ ಗದ್ದಲದಲ್ಲಿ ಕೃಪಾವತಿಗೆ ತಿಳಿಯಲಿಲ್ಲ. ಅವರಿಗಂತೂ ಅದರ ನೆನಪೂ ಇದ್ದಂತಿರಲಿಲ್ಲ.

"ಹಿಟ್ಟು ಹಾಕಿ ತಿರುವಿದ್ರೆ ಮುದ್ದೆ ಆಗುತ್ತೆ" ಎಂದ ದನಿ ಹೂವಪ್ಪನದು. ಗೋಡೆಯ ಕಡೆಯಿಂದ ಅವನು ಯಾವಾಗ ತಿರುಗಿದನೋ ಯಾರೂ ನೋಡಲಿಲ್ಲ. ಅಷ್ಟು ಜನ ಕತ್ತೆತ್ತಿ ನೋಡಿದ್ದಕ್ಕೆ ನಾಚಿ, "ನುಚ್ಚು ಹಾಕಿ ಮುದ್ದೆ ಮಾಡಲ್ವಾ, ಹಂಗೇ" ಎಂದು ನೆಲಕ್ಕೆ ಹೇಳಿದ. ರಾಗಿ ಹಿಟ್ಟು ಎಲ್ಲಿದೆ ಎಂದು ಸವರಿಯಮ್ಮ ಕೇಳಿದಳು. ಅವನು ಕೋಲೂರಿಕೊಂಡು ಹೊರಟುಹೋದ. ಅವನು ಮನೆಗೇ ಹೋದನೆಂದು ಕೃಪಾವತಿ ಹೆದರಿದಳು. ಹೋದದ್ದು ಮನೆಗೇ, ಆದರೆ ಲೈನು ಹತ್ತಿರವೇ ಇತ್ತು, ತಿರುಗಿ ಬಂದಾಗ ಕಂಕುಳಲ್ಲಿ ಒಂದು ಸೀಮೆಎಣ್ಣೆ ಡಬ್ಬಿ. ಮುಚ್ಚಳ ತೆಗೆದು ತನ್ನ ಹಿಟ್ಟನ್ನೆಲ್ಲ ಕೊಪ್ಪರಿಗೆಯ ಪಕ್ಕ ಇಟ್ಟ. ಅದನ್ನು ನೋಡಿ ಲೈನಿನ ಉಳಿದ ಒಂಟಿಗರೂ ಓಡಿದರು, ಓಡಲಾರದವರು ಬೀಗದ ಕೈಯನ್ನು ಓಡುವವರ ಕೈಗೆ ಕೊಟ್ಟರು. ಮಡಕೆಯಲ್ಲಿ, ಸೆರಗಿನಲ್ಲಿ, ಕಾಗದದ ಪೊಟ್ಟಣದಲ್ಲಿ ಹಿಟ್ಟು ಬಂತು. ಅವರವರ ನಾಳೆಯ ಊಟ ಅದು. ಬೇಡ ಎನ್ನಲು ಅಯ್ಯನವರು ಬಾಯಿ ತೆರೆದರು. ಮಾಸ್ತಮ್ಮ, "ಅಯ್ಯನೋರೇ, ಅತ್ಲಾಗ್ ನಿಂತ್ಕಳ್ರಿ, ಹೊಗೆ" ಎಂದು ಅವರನ್ನು ಸರಿಸಿದಳು.

ತಿರುವಲು ಕೋಲು ಬೇಕಿತ್ತು. ಅಬ್ಬಾಸ್ ಅಲಿ ತನ್ನ ರಾಶಿಯಲ್ಲಿ ಹುಡುಕಿ, ಇದು ಹೊನ್ನೆ, ಬೇಡ. ಇದು ತೇಗ, ಎಣ್ಣೆ ವಾಸನೆ ಬರುತ್ತದೆ ಎಂದು ಒಂದೊಂದನ್ನೇ ತಳ್ಳಿ, ಕೊನೆಗೆ ಎರಡು ಬಿದಿರು ತೊಳೆದು ತಂದ. ಹೂವಪ್ಪ ಒಂದು ಕೋಲು ಹಿಡಿದ, ಅಂಗಿಯ ಮಡಿಕೆಯ ಹಂಗು ಬಿಟ್ಟು ತೋಳು ಮಡಿಸಿಕೊಂಡ. ಎದುರು ಸವರಿಯಮ್ಮ ಇನ್ನೊಂದು ಹಿಡಿದಳು. ಹಿಟ್ಟು ಸುರಿಯುವ ಕೆಲಸ ಮಾಸ್ತಮ್ಮನದು, ಅವಳ ಕೈ ನಡುಗಿದರೆ ಹಿಟ್ಟು ಹದವಾಗಿ ಉದುರುತ್ತದೆಂದು ಅವಳೇ ಹೇಳಿಕೊಂಡಳು. ಕೃಪಾವತಿಗೆ ಯಾರೂ ಕೆಲಸ ಕೊಡಲಿಲ್ಲ. ಕೊಪ್ಪರಿಗೆಯ ಕಿವಿ ಹಿಡಿಯಲು ಹೋದರೆ "ಕೈ ಸುಟ್ಕೋತೀಯ" ಎಂದರು, ನೀರು ತರಲು ಹೋದರೆ "ಸಾಕು ಮಾಡಿದ್ದು" ಎಂದು ನಕ್ಕರು. ಕೊನೆಗೆ ಒಂದು ಮಣೆಯ ಮೇಲೆ ಕೂರಿಸಿ, "ನೋಡ್ತಾ ಇರು, ಕಲಿ" ಎಂದಳು ಮಾಸ್ತಮ್ಮ. ಕೃಪಾವತಿ ಮಣೆಯ ಮೇಲೆ ಕೂತು ನೋಡಿದಳು. ಅವಮಾನವಾಗಬೇಕಿತ್ತು, ಆಗಲಿಲ್ಲ, ಬಹಳ ಸುಖವಾಯಿತು. ಎಲ್ಲಿ ಈ ಸುಖ ಮುಖದಲ್ಲಿ ಕಾಣಿಸಿಬಿಡುತ್ತದೋ ಎಂದು ಸೆರಗಿನಿಂದ ಬೆವರು ಒರೆಸಿಕೊಳ್ಳುವ ನೆಪ ಮಾಡಿದಳು.

ಮುದ್ದೆ ಏನೂ ಮುದ್ದಾಗಿ ಬರಲಿಲ್ಲ. ಅಲ್ಲಲ್ಲಿ ಗಂಟು, ಅಲ್ಲಲ್ಲಿ ಕೆಂಪು ಕಾಳು ಹೊರಗೆ ಇಣುಕುತ್ತಿತ್ತು, ಸೀದ ವಾಸನೆ ಪೂರ್ತಿ ಹೋಗಿರಲಿಲ್ಲ. ಆದರೆ ಅದು ಎಲೆಯ ಮೇಲೆ ಕೂತುಕೊಂಡಿತು, ಹರಿಯಲಿಲ್ಲ. ಕಟ್ಟಿದವರು ಯಾರು, ಬಡಿಸಿದವರು ಯಾರು, ಕೂತವರು ಯಾರು ಎಂಬ ಲೆಕ್ಕವೇ ತಪ್ಪಿ, ಸಾರು ಬಿದ್ದದ್ದೇ ಎಲ್ಲರೂ ಜಾಗ ಸಿಕ್ಕಲ್ಲಿ ಒತ್ತೊತ್ತಾಗಿ ಕೂತರು. ಲೈನಿನ ತಮಿಳಿನವರು ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆ ಮೆತ್ತಿಕೊಂಡು ಪಾಡುಪಟ್ಟರು. ಮಂಗಳೂರಿನ ಕಡೆಯ ಫಾದರ್ ಸಲ್ದಾನ ಅವರ ಸ್ಥಿತಿಯೂ ಅದೇ. "ಅಗೀಬಾರದು ಸ್ವಾಮಿ, ನುಂಗಬೇಕು" ಎಂದು ಹೂವಪ್ಪ ತನ್ನ ಎಲೆಯಿಂದ ಒಂದು ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡು ತೋರಿಸಿದ. ಅವನ ಗಂಟಲ ಗಂಟು ಏರಿ ಇಳಿಯುವುದನ್ನು ಇಡೀ ಸಾಲು ನೋಡಿತು, ಅವನಿಗೆ ಏನೂ ಆಗಲಿಲ್ಲ. ಇನ್ನೊಂದು ಸಲ ತೋರಿಸಬೇಕಾ ಎಂದು ಕೇಳಿದ.

ಅರ್ಧ ಊಟವಾಗಿರಬೇಕು, ಅಬ್ಬಾಸ್ ಅಲಿ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿ ಸೂರಿನ ಕಡೆ ನೋಡಿ, "ಯಾ ಅಲ್ಲಾ! ಕಂಬಿ ಬಡಿಯೋದೇ ಮರ್ತೆ" ಎಂದ. ಫಾದರ್ ಸಲ್ದಾನ ಅಯ್ಯನವರನ್ನು ನೋಡಿದರು, ಅಯ್ಯನವರು ಫಾದರ್ ಸಲ್ದಾನರನ್ನು ನೋಡಿದರು. ಇಬ್ಬರ ಬಾಯಿಯೂ ತುಂಬಿತ್ತು. ಮಳೆಗಾಲದಿಂದ ಜಗ್ಗಾಡಿದ ಪ್ರಾರ್ಥನೆ ಯಾರ ನೆನಪಿಗೂ ಬಾರದೆ ತುತ್ತು ಆಗಲೇ ಗಂಟಲಿಳಿದಿತ್ತು. ಈ ಮುದ್ದೆ ಗಂಟಲಲ್ಲಿ ಇಳಿದದ್ದೇ ದೇವರ ದಯೆ ಎಂದು ಅಯ್ಯನವರು ಮೊದಲು ನಕ್ಕರು. ಆಮೆನ್ ಎಂದು ಫಾದರ್ ಸಲ್ದಾನರ ಬಾಯಿಂದ ಜಾರಿಹೋಯಿತು, ಜಾರಿದ ಮೇಲೆ ಗಾಬರಿಯಿಂದ ಸುತ್ತ ನೋಡಿದರು. ಎಲ್ಲರೂ ಕೇಳಿಸಿಕೊಳ್ಳದವರ ಹಾಗೆ ಊಟ ಮುಂದುವರಿಸಿದರು.

ಕೃಪಾವತಿ ಸವರಿಯಮ್ಮನ ಪಕ್ಕ ಕೂತಿದ್ದಳು. ಕ್ಷಮಿಸಿ ಎಂದು ಹೇಳಲು ಊಟ ಪೂರ್ತಿ ತಡಕಾಡಿ, ಕೊನೆಗೆ ಹೇಳಿದಾಗ ಸವರಿಯಮ್ಮ, "ಅಷ್ಟು ಹೊತ್ತು ಏನಕ್ಕೆ ಸುಮ್ಮನೆ ಇದ್ರಿ?" ಎಂದು ನೇರವಾಗಿ ಕೇಳಿದಳು. ಹೆದರಿಕೆ ಎಂದಳು ಕೃಪಾವತಿ. "ನನಗೂ ಕೋಪ ಬಂತು. ಆಮೇಲೆ ಹೋಯ್ತು" ಎಂದು ಸವರಿಯಮ್ಮ ಅವಳ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಸಂಜೆ ಹೊರಡುವಾಗ ಕೃಪಾವತಿ ಬಾಗಿಲಲ್ಲಿ ನಿಂತಿದ್ದಳು. ಬಡವರಿಗೆ ಬಟ್ಟೆ ಹಂಚಿದಾಗ, ಔಷಧಿ ಕೊಟ್ಟಾಗ ಜನ ಕೈ ಮುಗಿದು ಉಪಕಾರವಾಯಿತು ಎನ್ನುವುದನ್ನು ಅವಳು ಎಷ್ಟೋ ಸಲ ಕೇಳಿದ್ದಳು, ಕೇಳಿದಾಗಲೆಲ್ಲ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಳು. ಇವತ್ತು ಒಬ್ಬರೂ ಕೈ ಮುಗಿಯಲಿಲ್ಲ. ಒಬ್ಬಳು ಅಕ್ಕಿಯನ್ನು ಹಲ್ಲಿಗೆ ಕಚ್ಚಿ ನೋಡುವುದು ಹೇಗೆಂದು ಹೇಳಿ ಹೋದಳು. ಒಬ್ಬ ಹಳೆ ಅಕ್ಕಿಗೆ ನೀರು ಎಷ್ಟು ಎಂದು ಬೆರಳಿನ ಗೆಣ್ಣು ತೋರಿಸಿ ಹೋದ. ಹೂವಪ್ಪ ಖಾಲಿ ಡಬ್ಬಿ ಬಗಲಲ್ಲಿಟ್ಟುಕೊಂಡು, "ಮುಂದಿನ ಸಲ ಒಲೆ ಹತ್ರ ಬರಬೇಡಿ ಅಮ್ಮ, ನಾನು ಬೇಗ ಬರ್ತೀನಿ" ಎಂದು ಗದರಿ ಹೋದ. ಮುಂದಿನ ಸಲ ಎಂದ ಮಾತನ್ನು ಅವಳು ಹಿಡಿದುಕೊಂಡೇ ಸ್ಟೇಷನ್ನಿಗೆ ಬಂದಳು.

ರೈಲಿನಲ್ಲಿ ಮಾಸ್ತಮ್ಮ ಕಿಟಕಿಯ ಪಕ್ಕ ಕೂತು ಶಿವಮೊಗ್ಗ ಬರುವತನಕ ಬೈದಳು. ಕುಸುಬಲಕ್ಕಿ ಗೊತ್ತಿಲ್ಲವಂತೆ, ನಾಲ್ಕು ಅಕ್ಷರ ಕಲಿಸುತ್ತಾಳಂತೆ, ಇಷ್ಟು ವರ್ಷ ಏನು ತಿಂದು ಬದುಕಿದಳೋ ಎಂದು ಎದುರಿಗೆ ಕೂತ ಗುರುತಿಲ್ಲದವರಿಗೂ ಹೇಳಿದಳು. ಅವರೂ ಕೃಪಾವತಿಯನ್ನು ನೋಡಿ ಛೇ ಛೇ ಎಂದರು. ಕೃಪಾವತಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೋರ್ಡಿಂಗಿನಲ್ಲಿ ತಪ್ಪು ಮಾಡಿದರೆ ಶಿಕ್ಷೆಯಿತ್ತು, ಮೂಲೆಯಲ್ಲಿ ನಿಲ್ಲುವುದಿತ್ತು. ಹೀಗೆ ದಾರಿಯುದ್ದಕ್ಕೂ ಬಿಡದೆ, ಮುಗಿದ ಮಾತನ್ನೇ ಮತ್ತೆ ಎತ್ತಿ ಎತ್ತಿ ಬೈಯುವವರು ಯಾರೂ ಇರಲಿಲ್ಲ. ಅಮ್ಮ ಇದ್ದ ಹುಡುಗಿಯರು ರಜೆ ಮುಗಿಸಿ ಬಂದು, ನಮ್ಮಮ್ಮ ಎಷ್ಟು ಬೈದಳು ಗೊತ್ತಾ ಎಂದು ಹೇಳಿಕೊಳ್ಳುವುದನ್ನು ಕೇಳಿ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದು ಹೊಟ್ಟೆಕಿಚ್ಚು ಎಂಬುದು ಅವಳಿಗೆ ತಿಳಿದದ್ದು ಈಗ, ಈ ರೈಲಿನಲ್ಲಿ.

ಓಣಿಯ ಬಾಯಿಗೆ ಬಂದಾಗ ಮಾಸ್ತಮ್ಮ ನಿಂತಳು. "ನಾಳೆ ಏನು ಮಾಡ್ಕೋತೀಯ ಊಟಕ್ಕೆ?"

"ಅನ್ನ" ಎಂದಳು ಕೃಪಾವತಿ. "ದಿನಾ ಮಾಡ್ಕೊಳ್ಳೋದೇ."

"ನಿನ್ ಅನ್ನ ನೋಡಿದ್ನಲ್ಲ. ನಾನೇ ಬರ್ತೀನಿ. ಒಲೆ ಹಚ್ಚಿಟ್ಟಿರು."

ಬನ್ನಿ ಎಂದು ಕೃಪಾವತಿಯ ಬಾಯಿಗೆ ಬಂತು, ಅದರ ಹಿಂದೆಯೇ ತನ್ನ ಕೋಣೆ ಕಣ್ಣಿಗೆ ಬಂತು. ಪಾತ್ರೆಯ ಗೂಡಿನಲ್ಲಿ ಏನಿದೆ ಏನಿಲ್ಲ ಎಂಬುದನ್ನು ಅವಳು ಅಲ್ಲಿಯತನಕ ನೋಡಿಯೇ ಇರಲಿಲ್ಲ. ಹೇಳುವಾಗ ಅವಳಿಗೆ ಅಳು ಬಂದುಬಿಟ್ಟಿತು.

"ಮಾಸ್ತಮ್ಮ, ನಮ್ಮನೇಲಿ ಒಂದೇ ತಟ್ಟೆ ಇರೋದು."

ಮಾಸ್ತಮ್ಮ ಅಷ್ಟೇ ಅಲ್ಲವೇ ಎಂಬಂತೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ತನ್ನ ಕೋಣೆಯ ಕಡೆ ಹೊರಟಳು.

"ನನ್ ಮನೇಲೂ ಒಂದೇ ಇರೋದು. ಅದನ್ನೇ ತರ್ತೀನಿ" ಎಂದಳು, ತಿರುಗದೆ. "ನಾನ್ ಬರೋ ತನಕ ಅಕ್ಕಿ ಮಾತ್ರ ಮುಟ್ಟಬೇಡ."